ಗರ್ಭದ ಮಗುವಿನ ಹೊಟ್ಟೆ, ಮೂತ್ರಾಂಗದಲ್ಲಿ ದೋಷ ಕಂಡರೆ: ಯಾವ ಪರೀಕ್ಷೆ, ಯಾವ ಊರು?

“ಸಿಸ್ಟರೇ, ಐದು ತಿಂಗಳ ಸ್ಕ್ಯಾನಿನಲ್ಲಿ ಮಗುವಿನ ಮೂತ್ರಚೀಲ ಕಾಣಲಿಲ್ಲವಂತೆ. ಒಬ್ಬರು ಎಂಆರ್‌ಐ ಮಾಡಿಸಿ ಅಂತಾರೆ, ಒಬ್ಬರು ನೀರು ತೆಗೆದು ಟೆಸ್ಟ್ ಮಾಡಿಸಿ ಅಂತಾರೆ, ಮಾವನವರು ಸೀದಾ ಮಣಿಪಾಲಕ್ಕೆ ಹೋಗಿಬಿಡೋಣ ಅಂತಾರೆ. ಅತ್ತೆ ಮಾತ್ರ, ಏನೂ ಆಗಿರೂದಿಲ್ಲ ಸುಮ್ನಿರು ಅಂತಾರೆ. ನಾನು ಯಾರ ಮಾತು ಕೇಳಲಿ?”

ಶಿರಸಿ ಪಕ್ಕದ ಹಳ್ಳಿಯ ಹುಡುಗಿಯೊಬ್ಬಳು ಫೆಬ್ರವರಿಯಲ್ಲಿ ಫೋನು ಮಾಡಿ ಕೇಳಿದ್ದು ಇದು. ಹೆರಿಗೆ ವಾರ್ಡಿನಲ್ಲಿ ಇಪ್ಪತ್ತಾರು ವರ್ಷ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ಡಾಕ್ಟರಲ್ಲ. ಆದರೂ ಇಂಥ ಫೋನು ಬರುತ್ತಲೇ ಇರುತ್ತವೆ. ಸ್ಕ್ಯಾನ್ ರೂಮಿನಲ್ಲಿ ಹತ್ತು ನಿಮಿಷದಲ್ಲಿ ಕೇಳಿಸಿಕೊಂಡ ಮಾತು ಮನೆಗೆ ಬಂದ ಮೇಲೆ ಹತ್ತು ಬಗೆಯಲ್ಲಿ ಕಾಡುತ್ತದೆ, ಎದುರಿಗೆ ಕೇಳಲು ಡಾಕ್ಟರು ಇರುವುದಿಲ್ಲ. ಆ ಹುಡುಗಿಗೆ ಹೇಳಿದ್ದನ್ನೇ ಇಲ್ಲಿ ಎಲ್ಲರಿಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ನಿಮ್ಮ ಡಾಕ್ಟರ ಸಲಹೆಯ ಬದಲಿಗೆ ಇದನ್ನು ಓದಬೇಡಿ. ಅವರ ಎದುರು ಕೂತಾಗ ಏನು ಕೇಳಬೇಕೆಂದು ತಿಳಿಯಲು ಓದಿ.

ಅಳೆಯುವ ಕೋಲು ಯಾವುದು

ಯಾವ ಪರೀಕ್ಷೆ ಒಳ್ಳೆಯದು ಎಂದು ಕೇಳುವ ಮೊದಲು ನಾಲ್ಕು ವಿಷಯ ಗೊತ್ತಿರಬೇಕು.

ಒಂದು, ಈಗ ಎಷ್ಟನೇ ವಾರ. ಮಗುವಿನ ಅಂಗಾಂಗಗಳ ದೋಷ ಹುಡುಕುವ ಐದು ತಿಂಗಳ ಸ್ಕ್ಯಾನಿಗೆ, ಅಂದರೆ ಅನಾಮಲಿ ಸ್ಕ್ಯಾನಿಗೆ, 18ರಿಂದ 20ನೇ ವಾರ ಸರಿಯಾದ ಹೊತ್ತು. ಗರ್ಭಪಾತದ ಕಾನೂನಿಗೆ 2021ರಲ್ಲಿ ತಿದ್ದುಪಡಿ ಆದ ಮೇಲೆ, ಮಗುವಿಗೆ ಗಂಭೀರ ದೋಷವಿದ್ದರೆ 24 ವಾರದವರೆಗೆ ಇಬ್ಬರು ಡಾಕ್ಟರ ಅಭಿಪ್ರಾಯದ ಮೇಲೆ ಗರ್ಭ ತೆಗೆಸಲು ಅವಕಾಶವಿದೆ. ಅದರಾಚೆ ವೈದ್ಯಕೀಯ ಮಂಡಳಿಯ ಒಪ್ಪಿಗೆ ಬೇಕು. ಮುಂದುವರಿಸುವುದೋ ಬೇಡವೋ ಎನ್ನುವುದು ಹೊತ್ತವಳ ತೀರ್ಮಾನ. ವಯಸ್ಕಳಾದ ಹೆಂಗಸಿನ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಕಾನೂನಿಗೆ ಬೇಕಿಲ್ಲ. ಯಾವ ದಾರಿ ಹಿಡಿದರೂ ಯೋಚಿಸಲು ಸಮಯ ಬೇಕು. 19ನೇ ವಾರದಲ್ಲಿ ತಿಳಿದವಳಿಗೆ ಆ ಸಮಯ ಇದೆ. ಅಡಿಕೆ ಕೊಯ್ಲು ಮುಗಿಯಲಿ, ಆಮೇಲೆ ಹೋದರಾಯಿತು ಎಂದು 24ಕ್ಕೆ ಸ್ಕ್ಯಾನ್ ಮಾಡಿಸಿದವಳಿಗೆ ಇಲ್ಲ.

ಎರಡು, ಮಗುವಿನ ಸುತ್ತ ನೀರು ಎಷ್ಟಿದೆ. ಇದರ ಬಗ್ಗೆ ಮುಂದೆ ಬರೆಯುತ್ತೇನೆ, ಯಾಕೆಂದರೆ ಮೂತ್ರಾಂಗದ ದೋಷಗಳಲ್ಲಿ ಅರ್ಧ ಕಥೆ ನೀರೇ ಹೇಳುತ್ತದೆ.

ಮೂರು, ಈ ಪರೀಕ್ಷೆಯ ಉತ್ತರ ಬಂದರೆ ನಾವು ಮಾಡುವುದರಲ್ಲಿ ಏನಾದರೂ ಬದಲಾಗುತ್ತದೆಯೇ? ಹೆರಿಗೆಯ ಊರು, ಹೆರಿಗೆಯ ಸಮಯ, ಗರ್ಭ ಮುಂದುವರಿಸುವ ತೀರ್ಮಾನ, ಇವುಗಳಲ್ಲಿ ಒಂದಾದರೂ ಬದಲಾಗುವಂತಿದ್ದರೆ ಸಾಲ ಮಾಡಿಯಾದರೂ ಮಾಡಿಸಿ. ಯಾವುದೂ ಬದಲಾಗುವುದಿಲ್ಲವಾದರೆ ಆ ದುಡ್ಡನ್ನು ಹೆರಿಗೆಯ ದಿನಕ್ಕೆ ಎತ್ತಿಡಿ.

ನಾಲ್ಕನೆಯದು ದುಡ್ಡು ಮತ್ತು ದಾರಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇವೆರಡನ್ನೂ ಬೇರೆ ಮಾಡಲಾಗುವುದಿಲ್ಲ.

ಮತ್ತೊಮ್ಮೆ ಸ್ಕ್ಯಾನ್: ನಾನು ಮೊದಲು ಹೇಳುವುದು ಇದನ್ನೇ

ಗರ್ಭದ ಮಗು ಮೂತ್ರ ಮಾಡುತ್ತದೆ. ಅದರ ಮೂತ್ರಚೀಲ ತುಂಬಿ, ಖಾಲಿಯಾಗಿ, ಮತ್ತೆ ತುಂಬಲು ಹೆಚ್ಚುಕಡಿಮೆ ಅರ್ಧ ಗಂಟೆ ಬೇಕು. ಖಾಲಿಯಾದ ಗಳಿಗೆಯಲ್ಲಿ ನೋಡಿದರೆ ಕಾಣುವುದಿಲ್ಲ. ಹಾಗಾಗಿ “ಮೂತ್ರಚೀಲ ಕಾಣಲಿಲ್ಲ” ಎಂದು ರಿಪೋರ್ಟಿನಲ್ಲಿದ್ದರೆ ಮೊದಲು ಕೇಳಬೇಕಾದದ್ದು, ಎಷ್ಟು ಹೊತ್ತು ನೋಡಿದರು ಎಂದು. ಗಿಜಿಗುಡುವ ಸೆಂಟರಿನಲ್ಲಿ ಕಾದು ನೋಡುವಷ್ಟು ಪುರುಸೊತ್ತು ಇರುವುದಿಲ್ಲ. ತಪ್ಪು ಅವರದೆಂದಲ್ಲ, ಹೊರಗೆ ಇಪ್ಪತ್ತು ಜನ ಕೂತಿರುತ್ತಾರೆ.

ಆ ಹುಡುಗಿಯ ಎರಡನೇ ಸ್ಕ್ಯಾನಿಗೆ ನಾನೂ ಜೊತೆಗೆ ಹೋದೆ. ಗರ್ಭಸ್ಥ ಶಿಶುಗಳನ್ನೇ ನೋಡುವ ತಜ್ಞೆ, ಹುಬ್ಬಳ್ಳಿಯಲ್ಲಿ. ಅವರು ಒಮ್ಮೆ ನೋಡಿ, “ಹೊರಗೆ ಒಂದು ಸುತ್ತು ಹಾಕಿ ಬಾಮ್ಮ” ಎಂದು ಕಳಿಸಿದರು. ಇಪ್ಪತ್ತು ನಿಮಿಷದ ಮೇಲೆ ಮತ್ತೆ ಕರೆದರು. ಇನ್ನೂ ಅರ್ಧ ಗಂಟೆ ಬಿಟ್ಟು ಮೂರನೇ ಸಲ. ಪರದೆಯ ಮೇಲೆ ಎರಡು ಕಿಡ್ನಿ ಚೆನ್ನಾಗಿ ಕಂಡವು, ಅವರೆಬೀಜದ ಹಾಗೆ. ಸುತ್ತಲೂ ನೀರು ಧಾರಾಳ. ಆದರೆ ಮೂತ್ರಚೀಲ ಇರಬೇಕಾದ ಜಾಗದಲ್ಲಿ ಕಪ್ಪು ಬೊಟ್ಟು ಮೂಡಲೇ ಇಲ್ಲ. ಅವರು ರಕ್ತದ ಹರಿವು ತೋರಿಸುವ ಬಣ್ಣದ ಡಾಪ್ಲರ್ ಹಾಕಿ ಹೊಕ್ಕುಳ ಬಳ್ಳಿ ಎಲ್ಲಿ ಸೇರುತ್ತದೆಂದು ಹುಡುಕಿದರು. ಇರಬೇಕಾದ ಜಾಗಕ್ಕಿಂತ ಕೆಳಗಿತ್ತು.

ಇದರ ತರ್ಕ ಎಲ್ಲರಿಗೂ ಅರ್ಥವಾಗುವಂಥದ್ದು. 16ನೇ ವಾರದ ನಂತರ ಮಗುವಿನ ಸುತ್ತಲಿನ ನೀರಿನಲ್ಲಿ ಹೆಚ್ಚಿನ ಪಾಲು ಮಗುವಿನ ಮೂತ್ರವೇ. ನೀರು ಸಾಕಷ್ಟಿದೆ ಎಂದರೆ ಕಿಡ್ನಿ ಕೆಲಸ ಮಾಡುತ್ತಿದೆ, ಮೂತ್ರ ಹೊರಗೆ ಬರುತ್ತಿದೆ. ಆದರೆ ಚೀಲ ತುಂಬುತ್ತಿಲ್ಲ. ಅಂದರೆ ಚೀಲ ಮುಚ್ಚಿಕೊಳ್ಳದೆ, ಹೊಟ್ಟೆಯ ಕೆಳಭಾಗದಲ್ಲಿ ಹೊರಕ್ಕೆ ತೆರೆದುಕೊಂಡಿರಬಹುದು. ಇದೇ ಬ್ಲ್ಯಾಡರ್ ಎಕ್ಸ್‌ಟ್ರೋಫಿ. 30ರಿಂದ 50 ಸಾವಿರ ಮಕ್ಕಳಲ್ಲಿ ಒಂದಕ್ಕೆ ಬರುವಂಥದ್ದು. ಚೀಲವೂ ಕಾಣುವುದಿಲ್ಲ, ನೀರೂ ಇಲ್ಲ ಎಂದಾದರೆ ಮಾತೇ ಬೇರೆ: ಎರಡೂ ಕಿಡ್ನಿ ಇಲ್ಲದಿರಬಹುದು, ಇದ್ದರೂ ಕೆಲಸ ಮಾಡದಿರಬಹುದು. ನೀರಿಲ್ಲದೆ ಮಗುವಿನ ಶ್ವಾಸಕೋಶ ಬೆಳೆಯುವುದಿಲ್ಲ. ಎರಡೂ ಕಿಡ್ನಿ ಇಲ್ಲದ ಮಗು ಹುಟ್ಟಿದ ಮೇಲೆ ಉಳಿಯುವುದಿಲ್ಲ ಎಂಬ ಕಹಿ ಸತ್ಯವನ್ನು ಡಾಕ್ಟರು ಹೇಳಿದಾಗ, ಅವರನ್ನು ದೂರಬೇಡಿ. ಇನ್ನು ಚೀಲ ಉಬ್ಬಿಕೊಂಡೇ ಇದೆ, ಖಾಲಿಯಾಗುತ್ತಲೇ ಇಲ್ಲ, ಎರಡೂ ಕಿಡ್ನಿ ಊದಿವೆ ಎಂದರೆ ಹೊರದಾರಿಯಲ್ಲಿ ಅಡ್ಡಿಯಿದೆ. ಹೊಟ್ಟೆಯ ಸ್ನಾಯುವೇ ಬೆಳೆಯದೆ ಚರ್ಮ ಸುಕ್ಕಾಗುವ ಪ್ರೂನ್ ಬೆಲ್ಲಿಯಲ್ಲೂ ಮೂತ್ರಚೀಲ ಹೀಗೆ ಹಿಗ್ಗಿರುತ್ತದೆ.

ಇಷ್ಟೆಲ್ಲ ತಿಳಿದದ್ದು ಒಂದು ಒಳ್ಳೆಯ ಸ್ಕ್ಯಾನಿನಿಂದ, ಖರ್ಚು ನಾಲ್ಕಂಕಿಯೊಳಗೆ. ಸಂಶಯ ಬಂದ ಕೂಡಲೇ ದೊಡ್ಡ ಯಂತ್ರದ ಕಡೆ ಓಡುವ ಬದಲು, ಇಂಥ ದೋಷಗಳನ್ನು ಹೆಚ್ಚು ನೋಡಿದ ಕಣ್ಣಿನಿಂದ ಇದನ್ನೇ ಮತ್ತೊಮ್ಮೆ ಮಾಡಿಸಿ. ಗಂಡೋ ಹೆಣ್ಣೋ ಎಂದು ಮಾತ್ರ ಕೇಳಬೇಡಿ. 1994ರ ಕಾಯ್ದೆಯ ಪ್ರಕಾರ ಅದನ್ನು ಕೇಳುವುದೂ ತಪ್ಪು, ಹೇಳುವುದೂ ತಪ್ಪು.

ಕಾಯುವುದು

ಕಾಯುವುದೂ ಒಂದು ಆಯ್ಕೆಯೇ. ಕಿಡ್ನಿಯಲ್ಲಿ ನೀರು ತುಂಬಿದೆ, ಕಿಡ್ನಿ ಊದಿದೆ ಎಂದು ಗಾಬರಿಯಾಗಿ ಬರುವವರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಇದೇ. ಕಿಡ್ನಿಯ ನಡುವೆ ಮೂತ್ರ ಸೇರುವ ಜಾಗ ಎಷ್ಟು ಹಿಗ್ಗಿದೆ ಎಂದು ರಿಪೋರ್ಟಿನಲ್ಲಿ ಮಿಲಿಮೀಟರ್ ಲೆಕ್ಕ ಇರುತ್ತದೆ, ನೋಡಿ. 28 ವಾರದೊಳಗೆ 4ರಿಂದ 7 ಮಿ.ಮೀ. ಒಳಗಿದ್ದು, ಕಿಡ್ನಿಯ ಮಾಂಸ ಚೆನ್ನಾಗಿದ್ದು, ಮೂತ್ರಚೀಲ, ನೀರು ಎಲ್ಲ ಸರಿಯಿದ್ದರೆ 32 ವಾರದ ನಂತರ ಇನ್ನೊಂದು ಸ್ಕ್ಯಾನ್ ಸಾಕಾಗುತ್ತದೆ. ಬಹಳಷ್ಟು ಮಕ್ಕಳಲ್ಲಿ ಅದು ತಾನಾಗಿ ಇಳಿದಿರುತ್ತದೆ. 7 ಮಿ.ಮೀ. ದಾಟಿದ್ದರೆ ನಾಲ್ಕರಿಂದ ಆರು ವಾರದೊಳಗೆ ಮತ್ತೆ ನೋಡಬೇಕು. ಎರಡೂ ಬದಿ ಊದಿದ್ದು ನೀರು ಇಳಿಯುತ್ತಿದ್ದರೆ ಕಾಯುವ ಮಾತೇ ಇಲ್ಲ.

ಒಂದು ಕಿಡ್ನಿ ಮಾತ್ರ ಗುಳ್ಳೆಗುಳ್ಳೆಯಾಗಿ ಕೆಟ್ಟಿದ್ದು ಇನ್ನೊಂದು ಗಟ್ಟಿಯಾಗಿದ್ದರೂ ಅಷ್ಟೇ, ಹೆದರಬೇಕಿಲ್ಲ. ಒಂದು ಕಿಡ್ನಿಯಲ್ಲಿ ಚೆನ್ನಾಗಿ ಬಾಳಿದವರನ್ನು ನೀವೇ ನೋಡಿರುತ್ತೀರಿ.

ಕಾಯುವವರು ಒಂದು ತಪ್ಪು ಮಾಡುತ್ತಾರೆ: ಹೆರಿಗೆಯಾದ ಮೇಲೆ ಮರೆತುಬಿಡುತ್ತಾರೆ. ಮಗು ಚಟುವಟಿಕೆಯಿಂದ ಇದೆ, ಹಾಲು ಕುಡಿಯುತ್ತಿದೆ, ಇನ್ಯಾಕೆ ಎಂದು. ಹುಟ್ಟಿದ 48 ಗಂಟೆ ಕಳೆದ ಮೇಲೆ ಒಂದು ಸ್ಕ್ಯಾನ್ ಆಗಲೇಬೇಕು. ಮೊದಲೆರಡು ದಿನ ಮಗುವಿಗೆ ಮೂತ್ರ ಕಡಿಮೆ, ಊತ ಇದ್ದರೂ ಮುಚ್ಚಿಹೋಗುತ್ತದೆ. ಹೊರದಾರಿಗೆ ಅಡ್ಡಿಯಿದೆ ಎಂಬ ಸಂಶಯವಿದ್ದವರು ಮಾತ್ರ ಅಷ್ಟು ಕಾಯುವಂತಿಲ್ಲ.

ಎಂಆರ್‌ಐ

ಇದರಲ್ಲಿ ಎಕ್ಸ್‌ರೇಯಂಥ ಕಿರಣ ಇಲ್ಲ, ಗರ್ಭಿಣಿಗೆ ಇಂಜೆಕ್ಷನ್ ಬಣ್ಣವನ್ನೂ ಕೊಡುವುದಿಲ್ಲ. ಭಯ ಬೇಡ. ಪ್ರಶ್ನೆ ಇರುವುದು, ಸ್ಕ್ಯಾನ್ ಹೇಳದ್ದನ್ನು ಇದು ಹೇಳುತ್ತದೆಯೇ ಎಂದು. ಸ್ಕ್ಯಾನಿಗೆ ಮಗುವನ್ನು ನೋಡಲು ನೀರೇ ಕಿಟಕಿ. ನೀರು ಬತ್ತಿದಾಗ ಕಿಟಕಿ ಮುಚ್ಚಿದ ಹಾಗೆ, ಆಗ ಎಂಆರ್‌ಐ ನೆರವಿಗೆ ಬರುತ್ತದೆ. ಮೂತ್ರಚೀಲ, ಕರುಳು, ಗುದದ್ವಾರ ಎಲ್ಲ ಒಟ್ಟೊಟ್ಟಿಗೆ ತಪ್ಪಾಗಿ ಬೆಳೆದಿವೆಯೇ ಎಂಬ ಸಂಶಯವಿದ್ದಾಗಲೂ ಇದು ದೊಡ್ಡ ಸಹಾಯ. ಗರ್ಭದ ಮಗುವಿನ ಮೊದಲ ಮಲ ಎಂಆರ್‌ಐಯಲ್ಲಿ ಬೆಳ್ಳಗೆ ಹೊಳೆಯುತ್ತದೆ, ಕರುಳು ಎಲ್ಲಿಯವರೆಗೆ ಬಂದಿದೆ ಎಂದು ಅದರ ಜಾಡು ಹಿಡಿದು ಹೇಳಬಹುದು.

ಆದರೆ 20 ವಾರಕ್ಕೆ ಮುಂಚೆ ಚಿತ್ರ ಸ್ಪಷ್ಟ ಬರುವುದು ಕಷ್ಟ, ವಾರ ಕಳೆದಂತೆ ಒಳ್ಳೆಯದಾಗುತ್ತದೆ. ಯಂತ್ರ ಇದ್ದರೆ ಸಾಲದು, ಗರ್ಭಸ್ಥ ಶಿಶುವಿನ ಚಿತ್ರ ಓದಿ ಅಭ್ಯಾಸವಿದ್ದವರು ಬೇಕು. ಹತ್ತಿರದ ಊರಿನಲ್ಲಿ ಮಾಡಿಸಿ, ಓದಲು ಬಾರದ ರಿಪೋರ್ಟು ತಂದು, ಮತ್ತೆ ದೊಡ್ಡ ಆಸ್ಪತ್ರೆಯಲ್ಲಿ ಎರಡನೇ ಸಲ ಮಾಡಿಸಿದವರನ್ನು ಕಂಡಿದ್ದೇನೆ. ಮಾಡಿಸುವುದಾದರೆ ಮುಂದೆ ಮಗುವಿನ ಆಪರೇಷನ್ ಮಾಡುವ ಆಸ್ಪತ್ರೆಯಲ್ಲೇ ಮಾಡಿಸಿ.

ನೀರು ತೆಗೆದು ನೋಡುವ ಪರೀಕ್ಷೆ, ರಕ್ತದ ಪರೀಕ್ಷೆ

ಆಮ್ನಿಯೋ ಎಂದರೆ ಸಣ್ಣ ಸೂಜಿಯಿಂದ ಗರ್ಭದ ನೀರು ತೆಗೆದು ವರ್ಣತಂತು ನೋಡುವುದು. 15 ವಾರ ಮುಗಿದ ಮೇಲೆ ಮಾಡುತ್ತಾರೆ. ಅನುಭವಿಗಳ ಕೈಯಲ್ಲಿ ಇದರಿಂದ ಗರ್ಭ ಹೋಗುವ ಸಂಭವ ಇನ್ನೂರರಲ್ಲಿ ಒಂದಕ್ಕಿಂತ ಕಡಿಮೆ. ಮುಖ್ಯವಾದ ಕೆಲವು ವರ್ಣತಂತುಗಳ ಉತ್ತರ ಎರಡು ಮೂರು ದಿನದಲ್ಲಿ ಸಿಗುತ್ತದೆ, ಪೂರ್ತಿ ರಿಪೋರ್ಟಿಗೆ ಎರಡು ಮೂರು ವಾರ. ವರ್ಣತಂತುವಿನ ತೀರಾ ಸಣ್ಣ ದೋಷಗಳನ್ನೂ ಹುಡುಕುವ ಮೈಕ್ರೋಅರೇ ಸೇರಿಸಿದರೆ ಖರ್ಚು ಐದಂಕಿಗೆ ಹೋಗುತ್ತದೆ.

ಇದು ಯಾರಿಗೆ ಬೇಕು, ಯಾರಿಗೆ ಬೇಡ ಎನ್ನುವುದನ್ನು ಎರಡು ದೋಷ ಪಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ. ಎರಡರಲ್ಲೂ ಕರುಳು ಹೊಟ್ಟೆಯಿಂದ ಹೊರಗಿರುತ್ತದೆ. ಓಂಫಲೋಸೀಲ್‌ನಲ್ಲಿ ಕರುಳು ಹೊಕ್ಕುಳ ಬಳ್ಳಿಯ ಬುಡದಲ್ಲೇ ಒಂದು ಪೊರೆಯ ಚೀಲದೊಳಗೆ ಇರುತ್ತದೆ, ಕೆಲವೊಮ್ಮೆ ಪಿತ್ತಜನಕಾಂಗವೂ ಸೇರಿ. ಇದರ ಜೊತೆ ಹೃದಯದ ದೋಷ, ವರ್ಣತಂತುವಿನ ದೋಷ ಇರುವ ಸಂಭವ ಹೆಚ್ಚು. ಇವರು ಆಮ್ನಿಯೋ ಮತ್ತು ಮಗುವಿನ ಹೃದಯದ ಎಕೋ ಎರಡನ್ನೂ ಮಾಡಿಸಬೇಕು. ಉತ್ತರದ ಮೇಲೆ ಎಲ್ಲವೂ ನಿಂತಿದೆ. ಗ್ಯಾಸ್ಟ್ರೋಸ್ಕೈಸಿಸ್‌ನಲ್ಲಿ ಪೊರೆ ಇಲ್ಲ. ಹೊಕ್ಕುಳಿನ ಪಕ್ಕದಲ್ಲಿ, ಸಾಮಾನ್ಯವಾಗಿ ಬಲಕ್ಕೆ, ಸಣ್ಣ ಕಿಂಡಿಯಿಂದ ಕರುಳು ಬಯಲಾಗಿ ನೀರಿನಲ್ಲಿ ತೇಲುತ್ತಿರುತ್ತದೆ. ನೋಡಲು ಇದೇ ಹೆಚ್ಚು ಭೀಕರ, ಆದರೆ ವರ್ಣತಂತು ಬಹುತೇಕ ಸರಿಯಾಗಿರುತ್ತದೆ. ಬೇರೆ ದೋಷ ಇಲ್ಲವಾದರೆ ಇವರಿಗೆ ಆಮ್ನಿಯೋ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಇನ್ನೊಂದು ಮಾತು, ಮೂರು ತಿಂಗಳು ತುಂಬುವ ಮೊದಲು ಎಲ್ಲ ಮಕ್ಕಳ ಕರುಳೂ ಕೆಲವು ವಾರ ಬಳ್ಳಿಯೊಳಗೆ ಇದ್ದು 12ನೇ ವಾರದ ಹೊತ್ತಿಗೆ ಒಳಗೆ ಹೋಗುತ್ತದೆ. ಹತ್ತನೇ ವಾರದ ಸ್ಕ್ಯಾನಿನಲ್ಲಿ ಬರೀ ಕರುಳು ಕಂಡಿತೆಂದು ಓಂಫಲೋಸೀಲ್ ಅಂತ ತೀರ್ಮಾನಿಸಬೇಡಿ.

ತಾಯಿಯ ರಕ್ತದಿಂದ ಮಾಡುವ ಎನ್‌ಐಪಿಟಿ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಸೂಜಿಯ ಭಯ ಇಲ್ಲ, ನಿಜ. ಅದು ಹೇಳುವುದು ಮುಖ್ಯವಾಗಿ 21, 18, 13ನೇ ವರ್ಣತಂತುಗಳ ಬಗ್ಗೆ, ಅದೂ ಸಂಭವವನ್ನು ಮಾತ್ರ. ಮೂತ್ರಚೀಲ ತೆರೆದಿದೆಯೇ, ಕರುಳು ಹೊರಗಿದೆಯೇ ಎಂದು ಅದು ಹೇಳುವುದಿಲ್ಲ. ಸ್ಕ್ಯಾನಿನಲ್ಲಿ ದೋಷ ಕಂಡ ಮೇಲೆ ಇದಕ್ಕೆ ದುಡ್ಡು ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಗರ್ಭದಲ್ಲೇ ಚಿಕಿತ್ಸೆ ಮಾಡಬಹುದಂತೆ ಎಂದೂ ಕೇಳುತ್ತಾರೆ. ಹೊರದಾರಿ ಕಟ್ಟಿದ ಮೂತ್ರಚೀಲಕ್ಕೆ ಸಣ್ಣ ನಳಿಕೆ ಇಟ್ಟು ಮೂತ್ರವನ್ನು ನೀರಿಗೆ ಹರಿಸುವ ವಿಧಾನ ಇದೆ, ದೊಡ್ಡ ನಗರಗಳ ಕೆಲವೇ ಕಡೆ ಮಾಡುತ್ತಾರೆ. ಶ್ವಾಸಕೋಶಕ್ಕೆ ಅನುಕೂಲವಾಗಬಹುದು. ಕಿಡ್ನಿ ಉಳಿದೀತೆಂಬ ಭರವಸೆ ಕೊಡುವ ಹಾಗಿಲ್ಲ.

ಇನ್ನು ಊರು

ನನ್ನ ಮಟ್ಟಿಗೆ ಪರೀಕ್ಷೆಯ ಆಯ್ಕೆಗಿಂತ ಇದೇ ದೊಡ್ಡದು. ಯಾಕೆಂದು ಹೇಳುತ್ತೇನೆ.

ಬಹಳ ವರ್ಷದ ಹಿಂದೆ, ಮಳೆಗಾಲದ ಒಂದು ರಾತ್ರಿ, ಘಟ್ಟದ ಮೇಲಿನ ಒಂದು ಸಣ್ಣ ನರ್ಸಿಂಗ್ ಹೋಮಿನಿಂದ ಮಗುವೊಂದನ್ನು ನಾವಿದ್ದಲ್ಲಿಗೆ ತಂದರು. ಗ್ಯಾಸ್ಟ್ರೋಸ್ಕೈಸಿಸ್. ತಾಯಿಗೆ ಐದು ತಿಂಗಳ ಸ್ಕ್ಯಾನೇ ಆಗಿರಲಿಲ್ಲ, ಹಾಗಾಗಿ ಹುಟ್ಟುವವರೆಗೆ ಯಾರಿಗೂ ಗೊತ್ತಿರಲಿಲ್ಲ. ಪಾಪ, ಗಡಿಬಿಡಿಯಲ್ಲಿ ಕರುಳಿಗೆ ಹತ್ತಿಬಟ್ಟೆ ಸುತ್ತಿದ್ದರು. ಎರಡೂವರೆ ತಾಸಿನ ದಾರಿ. ಬಟ್ಟೆ ಒಣಗಿ ಕರುಳಿಗೆ ಅಂಟಿತ್ತು, ಮಗುವಿನ ಪಾದ ಮುಟ್ಟಿದರೆ ತಣ್ಣಗೆ. ಬೆಚ್ಚಗಿನ ಸಲೈನ್ ಹನಿಸಿ ಹನಿಸಿ ಆ ಬಟ್ಟೆ ಬಿಡಿಸಿದ್ದು ನನ್ನ ಕೈಯೇ. ಅಲ್ಲಿಂದ ಮುಂದೆ ಶಸ್ತ್ರಚಿಕಿತ್ಸೆ ಇರುವ ಊರಿಗೆ ಇನ್ನೂ ಅಷ್ಟೇ ದಾರಿ. ಮಗು ತಲುಪಲಿಲ್ಲ.

ಮುಂದುವರಿದ ದೇಶಗಳಲ್ಲಿ ಇದೇ ದೋಷದ ಹತ್ತು ಮಕ್ಕಳಲ್ಲಿ ಒಂಬತ್ತಕ್ಕಿಂತ ಹೆಚ್ಚು ಬದುಕುತ್ತವೆ. ಅಲ್ಲಿ ಮಗು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಸರ್ಜನ್ ಇರುವ ಕಡೆ ಹೋಗಿರುತ್ತದೆ. ಇಂಥ ಮಗುವಿಗೆ ತಾಯಿಯ ಹೊಟ್ಟೆಗಿಂತ ಒಳ್ಳೆಯ ಆಂಬುಲೆನ್ಸ್ ಇಲ್ಲ.

ಶಿರಸಿ, ಕುಮಟಾ, ಕಾರವಾರದಲ್ಲೇ ಹೆರಿಗೆ ಸಾಕೇ? ಒಂದೇ ಬದಿಯ ಸಣ್ಣ ಊತ, ಒಂದು ಕಿಡ್ನಿ ಮಾತ್ರ ಕೆಟ್ಟದ್ದು, ಇಂಥವಕ್ಕೆ ಧಾರಾಳವಾಗಿ ಸಾಕು. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯೇ ಇದೆ. ಕರುಳು ಹೊರಗಿರುವುದು, ಮೂತ್ರದ ದಾರಿ ಕಟ್ಟಿರುವುದು, ಇವಕ್ಕೆ ನವಜಾತ ಶಿಶುವಿನ ಐಸಿಯು ಮತ್ತು ಮಕ್ಕಳ ಸರ್ಜನ್ ಒಂದೇ ಸೂರಿನಡಿ ಬೇಕು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ ಇಷ್ಟು ವರ್ಷ ಕೂಗಿದ್ದು ಇದಕ್ಕೇ.

ಶಿರಸಿ, ಯಲ್ಲಾಪುರ, ಮುಂಡಗೋಡ, ಹಳಿಯಾಳದವರಿಗೆ ಹುಬ್ಬಳ್ಳಿ. ಶಿರಸಿಯಿಂದ ನೂರು ಕಿಲೋಮೀಟರ್ ಹೆಚ್ಚುಕಡಿಮೆ, ಘಟ್ಟ ಇಳಿಯುವ ಕೆಲಸ ಇಲ್ಲ, ಮಳೆಗಾಲದಲ್ಲೂ ದಾರಿ ನಂಬಬಹುದು. ಅಲ್ಲಿಯ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ, ಅಂದರೆ ಹಿಂದಿನ ಕಿಮ್ಸ್‌ನಲ್ಲಿ, ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗ ಇದೆ. ಜನಜಂಗುಳಿ ಸಹಿಸಿಕೊಳ್ಳಬೇಕು. ದುಡ್ಡಿನ ತಾಪತ್ರಯ ಇದ್ದವರಿಗೆ ನಾನು ಹಿಂದೆಮುಂದೆ ನೋಡದೆ ಹೇಳುವುದು ಇದನ್ನೇ.

ಭಟ್ಕಳ, ಹೊನ್ನಾವರ, ಕುಮಟಾದವರಿಗೆ ಮಣಿಪಾಲ. ಸ್ಕ್ಯಾನ್, ಎಂಆರ್‌ಐ, ವರ್ಣತಂತು, ಸರ್ಜನ್ ಎಲ್ಲ ಒಂದೇ ಆವರಣದಲ್ಲಿ ಸಿಗುವುದು ದೊಡ್ಡ ಅನುಕೂಲ. ಖಾಸಗಿಯಾದ್ದರಿಂದ ಖರ್ಚು ಹೆಚ್ಚು. ಕುಮಟೆಯಿಂದ ಸುಮಾರು 150 ಕಿಲೋಮೀಟರ್ ಹೆದ್ದಾರಿ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಇದೇ ಹೆದ್ದಾರಿ ದಿನಗಟ್ಟಲೆ ಬಂದ್ ಆಗಿದ್ದನ್ನು ಮರೆಯಬೇಡಿ. ಅಂಕೋಲಾ, ಕಾರವಾರದಿಂದ ದಕ್ಷಿಣಕ್ಕೆ ಹೋಗುವವರು ಆಷಾಢದ ಹೆರಿಗೆಯಾದರೆ ಮುಂಚೆಯೇ ಹೋಗಿ ಉಳಿಯಬೇಕು.

ಕಾರವಾರದವರಿಗೆ ಗೋವಾ ಹತ್ತಿರ. ಬಾಂಬೋಳಿಯ ಮೆಡಿಕಲ್ ಕಾಲೇಜು ನೂರು ಕಿಲೋಮೀಟರ್‌ಗೆ ಹತ್ತಿರ, ಕೊಂಕಣಿ ಮಾತಾಡುವವರಿಗೆ ಅಲ್ಲಿ ಮನೆಯಂಥ ಸಲಿಗೆ. 2018ರಿಂದ ಗೋವಾದವರಲ್ಲದವರಿಗೆ ಅಲ್ಲಿ ಶುಲ್ಕ ಇದೆ, ನಮ್ಮ ಆಯುಷ್ಮಾನ್ ಕಾರ್ಡು ನಡೆಯುತ್ತದೆಂದು ಭಾವಿಸಿ ಹೋಗಬೇಡಿ, ಮೊದಲೇ ವಿಚಾರಿಸಿ.

ಬೆಂಗಳೂರು ಹೆರಿಗೆ ನೋವು ಬಂದ ಮೇಲೆ ಹೊರಡುವ ಊರಲ್ಲ. ಆದರೆ ಎಕ್ಸ್‌ಟ್ರೋಫಿಯಂಥ ಅಪರೂಪದ ದೋಷಕ್ಕೆ, ಅದನ್ನು ಹೆಚ್ಚು ಸಲ ಸರಿಪಡಿಸಿದ ಕೈಯೇ ಬೇಕು. ಅದೃಷ್ಟಕ್ಕೆ ಈ ಆಪರೇಷನ್ ಹುಟ್ಟಿದ ದಿನವೇ ಆಗಬೇಕೆಂದಿಲ್ಲ. ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆ ಮುಗಿಸಿ, ಮಗು ಗಟ್ಟಿಯಾದ ಮೇಲೆ ಕರೆದೊಯ್ಯಬಹುದು.

ಎಲ್ಲಿಗೆ ಹೋಗುವುದಾದರೂ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ರೆಫರಲ್ ಅನ್ನು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಿಂದ ಮೊದಲೇ ಬರೆಸಿಕೊಳ್ಳಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಯೋಜನೆಯ ದರದ ಶೇ. 30 ಸಿಗುತ್ತದೆ. ಸಿಸೇರಿಯನ್ ಆಗಲೇಬೇಕೆಂಬ ಭಯವೂ ಬೇಡ. ಪಿತ್ತಜನಕಾಂಗ ಹೊರಗಿರುವ ದೊಡ್ಡ ಓಂಫಲೋಸೀಲ್ ಬಿಟ್ಟರೆ, ಹೊಟ್ಟೆಯ ದೋಷ ಇದೆ ಎಂಬ ಒಂದೇ ಕಾರಣಕ್ಕೆ ಹೊಟ್ಟೆ ಕೊಯ್ಯಬೇಕಿಲ್ಲ.

ದಾರಿಯಲ್ಲೇ ಹೆರಿಗೆಯಾದರೆ? ಕರುಳು ಹೊರಗಿರುವ ಮಗುವನ್ನು ಎದೆಯವರೆಗೆ ಸ್ವಚ್ಛವಾದ ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿ, ಬಲಮಗ್ಗುಲಿಗೆ ಮಲಗಿಸಿ, ಬೆಚ್ಚಗಿಡಿ. ಹಾಲು ಕೊಡಬೇಡಿ. ಮೂತ್ರಚೀಲ ತೆರೆದಿದ್ದರೆ ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಬಟ್ಟೆ ಹತ್ತಿ ಯಾವುದೂ ತಾಗಬಾರದು. ಹೊಕ್ಕುಳ ಬಳ್ಳಿಗೆ ಪ್ಲಾಸ್ಟಿಕ್ ಕ್ಲಿಪ್ ಬದಲು ದಾರ ಕಟ್ಟಿಸಿ, ಇಲ್ಲವಾದರೆ ಕ್ಲಿಪ್ ಚೀಲದ ಮೃದು ಪದರಕ್ಕೆ ಉಜ್ಜಿ ಗಾಯ ಮಾಡುತ್ತದೆ.

ಶಿರಸಿಯ ಆ ಹುಡುಗಿ ಗರ್ಭ ಮುಂದುವರಿಸಲು ತೀರ್ಮಾನಿಸಿದಳು. ಎನ್‌ಐಪಿಟಿಯೂ ಬೇಡ, ಆಮ್ನಿಯೋವೂ ಬೇಡ ಎಂದು ತಜ್ಞೆ ಹೇಳಿದರು. ಕರುಳೂ ಸೇರಿಕೊಂಡಿದೆಯೇ ಎಂದು ಖಚಿತ ಮಾಡಿಕೊಳ್ಳಲು ಎಂಆರ್‌ಐ ಒಂದನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡಿದ್ದಾರೆ. ದಿನ ತುಂಬುವುದು ಜುಲೈಯಲ್ಲಿ. ಜೂನ್ ಕೊನೆಗೇ ಹುಬ್ಬಳ್ಳಿಯ ದೊಡ್ಡಪ್ಪನ ಮನೆಗೆ ಹೋಗಿ ಇರುತ್ತಾಳಂತೆ, ಮಾವನವರೂ ಒಪ್ಪಿದ್ದಾರೆ. ಮೊನ್ನೆ ಫೋನು ಮಾಡಿ, ಒಂದು ಚೀಟಿ ಬರೆದು ತಾಯಿ ಕಾರ್ಡಿನೊಳಗೆ ಇಟ್ಟಿದ್ದೇನೆ, ಸರಿಯಾಗಿದೆಯಾ ನೋಡಿ ಸಿಸ್ಟರೇ, ಎಂದು ಓದಿ ಹೇಳಿದಳು: “ಕ್ಲಿಪ್ ಹಾಕಬೇಡಿ, ದಾರ ಕಟ್ಟಿ. ಬಟ್ಟೆ ಮುಚ್ಚಬೇಡಿ, ಪ್ಲಾಸ್ಟಿಕ್ ಹೊದಿಸಿ.”